ಗುಂಡಿಯ ಮೇಲಿನ ಕೆಂಪು ಬೊಟ್ಟು

ಮೊಬೈಲು ದೂರವಾಣಿಯಿಲ್ಲದ ಮನೆ ಇಂದು ನಮ್ಮ ಭಾಗದಲ್ಲಿ ಅಪರೂಪವಾಗಿದೆ. ಬಾಗಲಕೋಟೆಯ ನವನಗರದ ನೌಕರದಾರರ ಮನೆಯಿರಲಿ, ಬಾದಾಮಿಯ ಬೆಟ್ಟದ ಬುಡದ ಒಕ್ಕಲು ಮನೆಯಿರಲಿ, ಹುನಗುಂದದ ಕಿರಾಣಿ ಅಂಗಡಿಯಿರಲಿ, ಇಳಕಲ್ಲಿನ ಮಗ್ಗದ ಮನೆಯಿರಲಿ, ಎಲ್ಲೆಡೆಯೂ ಈ ಯಂತ್ರ ಬಂದು ನೆಲೆಸಿದೆ. ಅದರ ಗಾಜಿನ ಪರದೆಯ ಮೇಲೆ ಸಾಲುಸಾಲಾಗಿ ಕುಳಿತ ಚಿಕ್ಕ ಗುಂಡಿಗಳನ್ನು ವಾಚಕರು ದಿನವೂ ನೋಡುತ್ತಾರೆ. ಅವುಗಳಲ್ಲಿ ಒಂದೆರಡರ ಬಲಭುಜದ ಮೇಲೆ ಒಮ್ಮೊಮ್ಮೆ ಒಂದು ಕೆಂಪು ಬೊಟ್ಟು, ಬೊಟ್ಟಿನೊಳಗೆ ಬಿಳಿಯ ಅಂಕಿಯೊಂದು ಕಾಣಿಸಿಕೊಳ್ಳುತ್ತದೆ. ಆ ಗುಂಡಿಯನ್ನು ಒತ್ತಿದರೆ ಬೊಟ್ಟು ಮಾಯವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಮತ್ತೆ ಮೂಡುತ್ತದೆ. ತಂತ್ರಜ್ಞರು ಇದನ್ನು ‘ಬ್ಯಾಡ್ಜು’ ಎಂದು ಕರೆಯುತ್ತಾರೆ. ಶಾಲೆಯ ಮಕ್ಕಳ ಅಂಗಿಯ ಮೇಲಿನ ಬ್ಯಾಡ್ಜು ಅವರು ಯಾರೆಂಬುದನ್ನು ತಿಳಿಸಿದರೆ, ಗುಂಡಿಯ ಮೇಲಿನ ಈ ಬ್ಯಾಡ್ಜು ಒಳಗೆ ನಿಮಗಾಗಿ ಎಷ್ಟು ಸಂಗತಿಗಳು ಕಾದಿವೆ ಎಂಬುದನ್ನು ತಿಳಿಸುತ್ತದೆ. ಮನೆಯ ಹಿರಿಯರಿಂದ ಮಕ್ಕಳವರೆಗೆ ಎಲ್ಲರ ಕಣ್ಣನ್ನೂ ಎಳೆಯುವ ಈ ಬೊಟ್ಟನ್ನು ಇಡುವವರು ಯಾರು, ಅದರ ಲೆಕ್ಕ ಎಲ್ಲಿ ನಡೆಯುತ್ತದೆ, ಆ ಲೆಕ್ಕ ನಿಜವೋ ಸುಳ್ಳೋ ಎಂಬುದನ್ನು ವಿಚಾರಿಸುವುದು ಅವಶ್ಯವೆಂದು ನಮಗೆ ತೋರಿತು.

ಬ್ಯಾಡ್ಜು ಸೂಚಿಸುವ ಸಂಗತಿಗೆ ಮೊಬೈಲಿನ ಕನ್ನಡದಲ್ಲಿ ‘ಅಧಿಸೂಚನೆ’ ಎಂಬ ಶಬ್ದವನ್ನು ಬಳಸಿದ್ದಾರೆ. ಬೇರೆ ಊರಿನವರಿಗೆ ಈ ಶಬ್ದ ಹೊಸದೆನಿಸಬಹುದು. ಬಾಗಲಕೋಟೆಯವರಿಗೆ ಮಾತ್ರ ಇದರ ತೂಕ ಚೆನ್ನಾಗಿ ಗೊತ್ತು. ಆಲಮಟ್ಟಿಯ ಹಿನ್ನೀರಿಗಾಗಿ ಮನೆ, ಹೊಲ, ಓಣಿಗಳನ್ನು ಬಿಟ್ಟುಕೊಟ್ಟ ಜನ ಇವರು. ೧೮೯೪ರ ಭೂಸ್ವಾಧೀನ ಕಾಯದೆಯ ೪(೧)ನೆಯ ಕಲಮಿನ ಅಧಿಸೂಚನೆ, ಆ ಮೇಲೆ ೬(೧)ನೆಯ ಕಲಮಿನದು ಎಂಬ ಮಾತುಗಳು ಇಲ್ಲಿಯ ಕಟ್ಟೆಗಳ ಮೇಲೆ ಅಕ್ಷರ ಬಾರದವರ ಬಾಯಲ್ಲಿಯೂ ಓಡಾಡಿದವು. ಮೊದಲಿನದು ಹೊರಟ ಮೂವತ್ತು ದಿನಗಳೊಳಗೆ ತಕರಾರು ಸಲ್ಲಿಸದಿದ್ದರೆ ಆ ಹಂತದಲ್ಲಿ ಹೇಳಬೇಕಾದ ಮಾತು ಹೇಳದೆಯೇ ಉಳಿಯುತ್ತಿತ್ತು. ೨೦೧೪ರ ಜನವರಿ ೧ರಿಂದ ಜಾರಿಗೆ ಬಂದ ಹೊಸ ಕಾಯದೆಯಲ್ಲಿ ಅದೇ ಕೆಲಸಕ್ಕೆ ೧೧ನೆಯ ಕಲಮು ಇದೆ, ಅರವತ್ತು ದಿನಗಳ ಅವಧಿಯಿದೆ. ಅಧಿಸೂಚನೆಯನ್ನು ರಾಜ್ಯಪತ್ರದಲ್ಲಿ ಮುದ್ರಿಸಬೇಕು, ಎರಡು ದಿನಪತ್ರಿಕೆಗಳಲ್ಲಿ ಹಾಕಬೇಕು, ಅವುಗಳಲ್ಲಿ ಒಂದು ಆ ನಾಡಿನ ಭಾಷೆಯದಾಗಿರಬೇಕು, ಊರಲ್ಲಿಯೂ ತಿಳಿಯಪಡಿಸಬೇಕು ಎಂಬ ನಿಯಮಗಳು ಸುಮ್ಮನೆ ಬಂದವಲ್ಲ. ಸೂಚನೆ ಹೊರಡಿಸುವುದು ಬೇರೆ, ಅದು ಸಂಬಂಧಪಟ್ಟವನಿಗೆ ಮುಟ್ಟುವುದು ಬೇರೆ ಎಂಬ ತಿಳಿವಳಿಕೆ ಆ ನಿಯಮಗಳ ಹಿಂದಿದೆ. ಮೊಬೈಲಿನ ಗುಂಡಿಗೆ ಬೊಟ್ಟಿಡುವವನ ಎದುರಿಗಿರುವ ಸಮಸ್ಯೆಯೂ ಮೂಲದಲ್ಲಿ ಇದೇ ಆಗಿದೆ.

ಹಳೆಯ ಕಾಲದಲ್ಲಿ ಇಂಥದೊಂದು ವಸ್ತು ಇರಲಿಲ್ಲವೆ ಎಂದು ಯೋಚಿಸಿದರೆ ಅಂಚೆ ಇಲಾಖೆಯ ಕೆಂಪು ಡಬ್ಬಿ ನೆನಪಿಗೆ ಬರುತ್ತದೆ. ಅದರ ಮುಖದ ಮೇಲೆ, ಮುಂದಿನ ಸಲ ಪತ್ರಗಳನ್ನು ತೆಗೆಯುವ ವೇಳೆಯನ್ನು ತೋರಿಸುವ ಒಂದು ಚಿಕ್ಕ ತಗಡು ಇರುತ್ತದೆ. ಅಂಚೆಯವನು ಡಬ್ಬಿ ತೆರೆದು ಪತ್ರಗಳನ್ನು ಚೀಲಕ್ಕೆ ಹಾಕಿಕೊಂಡ ಮೇಲೆ ಆ ತಗಡನ್ನು ಬದಲಿಸಿ ಹೋಗಬೇಕು. ಬದಲಿಸಿದರೆ ಪತ್ರ ಹಾಕಲು ಬಂದವನಿಗೆ ತನ್ನ ಪತ್ರ ಇವತ್ತಿನ ಟಪಾಲಿಗೆ ಸೇರುತ್ತದೋ ಇಲ್ಲವೋ ಎಂಬುದು ತಿಳಿಯುತ್ತದೆ. ಬದಲಿಸುವುದನ್ನು ಮರೆತರೆ ಡಬ್ಬಿ ಗಟ್ಟಿಯಾಗಿದ್ದರೂ, ಬೀಗ ಸರಿಯಾಗಿದ್ದರೂ, ಆ ತಗಡು ಮಾತ್ರ ದಾರಿಹೋಕರಿಗೆಲ್ಲ ಸುಳ್ಳು ಹೇಳುತ್ತ ನಿಂತಿರುತ್ತದೆ. ತಗಡು ಮಾಡಿಸುವುದು ಒಂದು ದಿನದ ಕೆಲಸ. ಅದನ್ನು ನಿಜವಾಗಿ ಇಟ್ಟುಕೊಳ್ಳುವುದು ನಿತ್ಯದ ಕೆಲಸ.

ಮೊಬೈಲಿನ ಬೊಟ್ಟಿನ ಇತಿಹಾಸ ದೊಡ್ಡದೇನಲ್ಲ. ೨೦೦೭ರಲ್ಲಿ ಅಮೆರಿಕದ ಆ್ಯಪಲ್ ಕಂಪನಿ ಹೊರತಂದ ಮೊದಲ ಐಫೋನಿನಲ್ಲಿಯೇ ದೂರವಾಣಿ ಮತ್ತು ಇ-ಅಂಚೆಯ ಗುಂಡಿಗಳ ಮೇಲೆ ಕೆಂಪು ಬೊಟ್ಟು, ಬಿಳಿ ಅಂಕಿ ಇದ್ದವು. ೨೦೦೯ರಿಂದ ಬೇರೆಯವರು ಬರೆದ ಆ್ಯಪುಗಳಿಗೂ, ಅವು ಮುಚ್ಚಿರುವಾಗಲೇ, ದೂರದ ಸರ್ವರಿನಿಂದ ಸೂಚನೆ ಕಳಿಸಿ ಬೊಟ್ಟು ಮೂಡಿಸುವ ಅವಕಾಶವಾಯಿತು. ನಮ್ಮ ಕಡೆ ಹೆಚ್ಚಾಗಿ ಬಳಕೆಯಲ್ಲಿರುವ ಆ್ಯಂಡ್ರಾಯ್ಡ್ ಮೊಬೈಲುಗಳಲ್ಲಿ ೨೦೧೭ರ ಎಂಟನೆಯ ಆವೃತ್ತಿಯಿಂದ ಅಂಕಿಯಿಲ್ಲದ ಬರಿಯ ಚುಕ್ಕೆ ಬಂದಿತು. ೨೦೨೨ರ ಹದಿಮೂರನೆಯ ಆವೃತ್ತಿಯಿಂದ, ಬಳಸುವವನ ಒಪ್ಪಿಗೆ ಕೇಳಿಯೇ ಸೂಚನೆ ಕಳಿಸಬೇಕೆಂಬ ಕಟ್ಟಳೆಯಾಯಿತು. ಹೊಸ ಆ್ಯಪ್ ಹಾಕಿಕೊಂಡೊಡನೆ ಮೂಡುವ ಒಪ್ಪಿಗೆಯ ಪ್ರಶ್ನೆಯನ್ನು ಓದದೆಯೇ ‘ಹೌದು’ ಒತ್ತುವವರು ಬಹಳ ಜನ. ಆ ಸಂಗತಿಗೆ ಮುಂದೆ ಬರೋಣ.

ಇನ್ನು ಇಳಕಲ್ಲಿನ ಮಾತು. ನಮ್ಮ ಪರಿಚಯದ ಒಂದು ಮನೆತನ ಅಲ್ಲಿ ಕೈಮಗ್ಗದ ಸೀರೆ ನೇಯಿಸಿ ಮಾರುತ್ತ ಬಂದಿದೆ. ಆ ಮನೆಯ ತರುಣನೊಬ್ಬ ಎಂಜಿನಿಯರಿಂಗ್ ಓದಿ ಬೆಂಗಳೂರಿನಲ್ಲಿ ಆ್ಯಪ್ ಬರೆಯುವ ಕೆಲಸದಲ್ಲಿದ್ದಾನೆ. ಮನೆಯವರಿಗಾಗಿಯೇ ಒಂದು ಚಿಕ್ಕ ಆ್ಯಪನ್ನು ಅವನು ಮಾಡಿಕೊಟ್ಟನು. ಗಿರಾಕಿಗಳು ಅದರಲ್ಲಿ ಸೀರೆಯ ಚಿತ್ರ ನೋಡಿ ಆರ್ಡರು ಕೊಡುವರು. ಮನೆಯವರು ‘ಆರ್ಡರುಗಳು’ ಎಂಬ ಗುಂಡಿಯನ್ನು ಒತ್ತಿ ಅವನ್ನು ನೋಡುವರು. ಮೊದಲು ಆ ಗುಂಡಿಗೆ ಬೊಟ್ಟು ಇರಲಿಲ್ಲ. ಆರ್ಡರು ಬಂದಿದೆಯೋ ಇಲ್ಲವೋ ತಿಳಿಯಲು ತಾಯಿಯವರು ದಿನಕ್ಕೆ ಹತ್ತು ಸಲ ಗುಂಡಿ ಒತ್ತಿ ನೋಡಬೇಕಾಗಿತ್ತು. ಮಗ್ಗದ ಕೆಲಸ, ಅಡಿಗೆಯ ಕೆಲಸ, ಬಂದುಹೋಗುವವರ ನಡುವೆ ಅದು ಸಾಧ್ಯವಾಗುವ ಮಾತಲ್ಲ. ಆದ್ದರಿಂದ ಗುಂಡಿಗೆ ಒಂದು ಬೊಟ್ಟು ಹಚ್ಚಿಕೊಡು ಎಂದು ಅವರು ಮಗನಿಗೆ ಹೇಳಿದರು.

ಹಚ್ಚುವ ಕೆಲಸ ಸುಲಭದ್ದೇ ಆಗಿತ್ತಂತೆ. ಆ್ಯಪಿನ ಪರದೆಯೆಂಬುದು ಪದರದ ಮೇಲೆ ಪದರವಿಟ್ಟು ಕಟ್ಟಿದ ವಸ್ತು. ಕೆಳಗಿನ ಪದರದಲ್ಲಿ ಗುಂಡಿ. ಅದರ ಮೇಲಿನ ಪದರದಲ್ಲಿ, ಬಲಗಡೆಯ ಮೇಲ್ತುದಿಗೆ ಸರಿಸಿ ಇಟ್ಟ ಒಂದು ವೃತ್ತ. ವೃತ್ತದ ನಡುವೆ ಅಂಕಿ. ಅವನು ಬಳಸುವ ಫ್ಲಟರ್ ಎಂಬ ಸಲಕರಣೆಯಲ್ಲಿ ೨೦೨೩ರಿಂದ ಬ್ಯಾಡ್ಜು ಸಿದ್ಧವಸ್ತುವಾಗಿಯೇ ದೊರೆಯುತ್ತದೆ. ಅದಕ್ಕೂ ಮೊದಲು ಪದರಗಳನ್ನು ತಾವೇ ಜೋಡಿಸಿಕೊಳ್ಳುತ್ತಿದ್ದರು. ಹೀಗೆ ಜೋಡಿಸುವಾಗ ಎರಡು ಎಡವಟ್ಟುಗಳಾಗುತ್ತವೆ. ಗುಂಡಿಯ ಚೌಕಟ್ಟಿನಿಂದ ಹೊರಗೆ ಚಾಚಿದ ಭಾಗವನ್ನು ಯಂತ್ರವು ಕತ್ತರಿಸಿಬಿಟ್ಟರೆ ಬೊಟ್ಟು ಗ್ರಹಣ ಹಿಡಿದ ಚಂದ್ರನಂತೆ ಅರ್ಧವಾಗಿ ಕಾಣುತ್ತದೆ. ಮೇಲಿನ ಪದರವು ಬೆರಳಿನ ಸ್ಪರ್ಶವನ್ನು ತಾನೇ ನುಂಗಿಬಿಟ್ಟರೆ, ಬೊಟ್ಟಿದ್ದ ಜಾಗದಲ್ಲಿ ಎಷ್ಟು ಒತ್ತಿದರೂ ಗುಂಡಿ ತೆರೆಯುವುದಿಲ್ಲ. ಕೆಂಪು ಕಂಡಲ್ಲಿಯೇ ಬೆರಳಿಡುವುದು ಮನುಷ್ಯ ಸ್ವಭಾವವಾದ್ದರಿಂದ ಈ ಎರಡನೆಯ ದೋಷ ಹೆಚ್ಚು ಪೀಡಿಸುತ್ತದೆ. ಇವೆಲ್ಲವನ್ನೂ ನಮಗೆ ವಿವರಿಸಿ ಆ ತರುಣ ಹೇಳಿದ ಮಾತು ಇಷ್ಟು: “ಗುರುಗಳ, ಬೊಟ್ಟು ಹಚ್ಚೂದು ಹತ್ತು ನಿಮಿಷದ ಕೆಲಸರಿ. ಅದನ್ನ ಯಾವಾಗ ಅಳಸಬೇಕು ಅನ್ನೂದರಾಗ ಐತ್ರಿ ಎಲ್ಲಾ.”

ಇದರ ಅರ್ಥ ನಮಗೆ ಆ ಕ್ಷಣಕ್ಕೆ ಹೊಳೆಯಲಿಲ್ಲ. ಅವನು ಮೊದಲು ಮಾಡಿದ್ದು ಎಲ್ಲರೂ ಮಾಡುವ ರೀತಿಯಲ್ಲಿಯೇ ಇತ್ತು. ಹೊಸ ಆರ್ಡರು ಬಂದೊಡನೆ ಅಂಕಿ ಒಂದು ಏರಬೇಕು. ಗುಂಡಿಯನ್ನು ಒತ್ತಿ ಪಟ್ಟಿಯನ್ನು ತೆರೆದೊಡನೆ ಅಂಕಿ ಸೊನ್ನೆಯಾಗಿ ಬೊಟ್ಟು ಮಾಯವಾಗಬೇಕು. ಕೆಲವು ವಾರ ಇದು ಚೆನ್ನಾಗಿಯೇ ನಡೆಯಿತು. ಒಂದು ಸಂಜೆ ಗದಗಿನ ಕಡೆಯ ಒಂದು ಮನೆಯವರು ಮದುವೆಗಾಗಿ ಟೋಪುತೆನೆ ಸೆರಗಿನ ಸೀರೆಗಳಿಗೆ ಆರ್ಡರು ಕೊಟ್ಟರು. ಬೊಟ್ಟು ಮೂಡಿತು. ತಾಯಿಯವರ ಕಣ್ಣಿಗೆ ಅದು ಬೀಳುವ ಮೊದಲೇ ಮೊಮ್ಮಗು ಮೊಬೈಲನ್ನು ಎತ್ತಿಕೊಂಡು ಆಡುತ್ತ ಗುಂಡಿಯನ್ನು ಒತ್ತಿತು. ಪಟ್ಟಿ ತೆರೆಯಿತು, ಬೊಟ್ಟು ಅಳಿಯಿತು. ಮನೆಯವರ ಪಾಲಿಗೆ ಆ ಆರ್ಡರು ಇಲ್ಲವಾಯಿತು. ಒಂಬತ್ತು ದಿನಗಳ ಮೇಲೆ ಗಿರಾಕಿಗಳು ಫೋನು ಮಾಡಿ ವಿಚಾರಿಸಿದಾಗಲೇ ಸಂಗತಿ ಬೆಳಕಿಗೆ ಬಂತು.

ಒಂಬತ್ತು ದಿನವೆಂದರೆ ಎಷ್ಟು ದೊಡ್ಡ ಹಾನಿಯೆಂಬುದು ಇಳಕಲ್ಲಿನ ನೇಯ್ಗೆಯ ಕ್ರಮ ಬಲ್ಲವರಿಗೆ ಮಾತ್ರ ತಿಳಿಯುತ್ತದೆ. ಈ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿ ಅಥವಾ ರೇಷ್ಮೆ, ಸೆರಗಿಗೆ ಕೆಂಪು ರೇಷ್ಮೆ. ಎರಡೂ ಹಾಸುಗಳ ಎಳೆಗಳನ್ನು ಕೊಂಡಿ ಕೊಂಡಿಯಾಗಿ ಒಂದರೊಳಗೊಂದು ಸಿಕ್ಕಿಸಿ ಜೋಡಿಸಿದ ಮೇಲೆಯೇ ಟೋಪುತೆನೆಯ ಸೆರಗು ಸಿದ್ಧವಾಗುವುದು. ಕೆಂಪಿನ ನಡುವೆ ಬಿಳಿಯಲ್ಲಿ ಮೂಡುವ ಹಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆಯ ಆಕಾರಗಳು ಈ ಜೋಡಣೆಯಿಂದ ಒಡಮೂಡುತ್ತವೆ. ಆದ್ದರಿಂದ ಒಂದೊಂದು ಸೀರೆಗೂ ಒಂದೊಂದು ಹಾಸು ಮಾಡಬೇಕು. ಉದ್ದನೆಯ ಹಾಸು ಹಾಕಿಟ್ಟುಕೊಂಡು, ಬೇಕಾದಾಗ ಹರಿದುಕೊಡುವ ಬಟ್ಟೆ ಇದಲ್ಲ. ದಡಿ ಗೋಮಿಯೋ, ಪರಾಸಪೇಟೆಯೋ, ಗಾಡಿಯೋ, ಬಣ್ಣ ಯಾವುದು ಎಂಬುದೆಲ್ಲ ಮೊದಲೇ ತಿಳಿದಿರಬೇಕು. ಕೆಲಸ ಮೊದಲಿಗೇ ಇಷ್ಟು ಹಿಡಿಯುವಾಗ ಲಗ್ನದ ದಿನ ಸರಿಯುವುದಿಲ್ಲವಾದ್ದರಿಂದ ಕಳೆದುಹೋದ ಒಂಬತ್ತು ದಿನಗಳನ್ನು ಯಾವ ಮಗ್ಗವೂ ಮರಳಿ ತಂದುಕೊಡಲಾರದು. ನೆರೆಯ ಮನೆಗಳ ಮಗ್ಗಗಳಿಗೂ ಕೆಲಸ ಹಂಚಿಕೊಟ್ಟು, ರಾತ್ರಿ ದೀಪ ಹಚ್ಚಿ ನೇಯಿಸಿ ಹೇಗೋ ಮಾತು ಉಳಿಸಿಕೊಂಡರು. ಆ ಖರ್ಚಿನಲ್ಲಿ ಲಾಭವೆಂಬುದೇನೂ ಉಳಿಯಲಿಲ್ಲ.

ಮಗನ ಮುಂದೆ ತಾಯಿಯವರು ಇಟ್ಟ ವಾದ ಬಹು ಸರಳವಾಗಿತ್ತು. “ತಮ್ಮಾ, ನೋಡಿದ್ದಕ್ಕ ಬೊಟ್ಟು ಹೋಗಬಾರದು. ಅವರಿಗೆ ಉತ್ತರಾ ಕೊಟ್ಟಮ್ಯಾಲೆ ಹೋಗಬೇಕು.” ತಂತ್ರಾಂಶದ ಯಾವ ಶಾಸ್ತ್ರವನ್ನೂ ಓದದ ಆ ತಾಯಿ, ನಮ್ಮ ಎಣಿಕೆಯಲ್ಲಿ, ಈ ವಿಷಯದ ತಿರುಳನ್ನು ಎರಡು ವಾಕ್ಯಗಳಲ್ಲಿ ಹೇಳಿದ್ದಾರೆ. ಅಂಕಿಯು ಏನನ್ನು ಎಣಿಸುತ್ತಿದೆ ಎಂಬುದನ್ನು ಮೊದಲು ನಿಶ್ಚಯಿಸಬೇಕು. ಬಂದದ್ದನ್ನು ಎಣಿಸುವುದೆ? ಕಾಣದೆ ಉಳಿದದ್ದನ್ನು ಎಣಿಸುವುದೆ? ಕಂಡೂ ಓದದೆ ಉಳಿದದ್ದನ್ನೆ? ಓದಿಯೂ ಮಾಡದೆ ಉಳಿದದ್ದನ್ನೆ? ನಾಲ್ಕೂ ಬೇರೆ ಬೇರೆ ಲೆಕ್ಕಗಳು. ಬಂಧುಗಳ ಗುಂಪಿನಲ್ಲಿ ಬರುವ ಶುಭಾಶಯಗಳಿಗೆ ಕಾಣುವುದಷ್ಟೇ ಸಾಕು. ಪತ್ರಕ್ಕೆ ಓದುವುದು ಬೇಕು. ವ್ಯವಹಾರದಲ್ಲಿ ಉತ್ತರವೇ ಬೇಕು. ನಾಲ್ಕಕ್ಕೂ ಒಂದೇ ಬೊಟ್ಟು, ಒಂದೇ ನಿಯಮ ಹಚ್ಚಿದರೆ ಗೊಂದಲವಾಗದೆ ಇರದು.

ತರುಣನು ತಾಯಿಯ ಮಾತಿನಂತೆ ನಿಯಮ ಬದಲಿಸಿದನು. ಈಗ ಪಟ್ಟಿ ತೆರೆದರೂ ಅಂಕಿ ಇಳಿಯುವುದಿಲ್ಲ. ಒಂದೊಂದು ಆರ್ಡರನ್ನು ತೆರೆದು ‘ಒಪ್ಪಿದೆ’ ಅಥವಾ ‘ಆಗುವುದಿಲ್ಲ’ ಎಂದು ಒತ್ತಿದಾಗ ಮಾತ್ರ ಒಂದು ಇಳಿಯುತ್ತದೆ. ಇದರೊಂದಿಗೆ ಇನ್ನೊಂದು ತೊಡಕು ಎದ್ದಿತು. ಆ ಆ್ಯಪು ಇಳಕಲ್ಲಿನ ಮನೆಯ ಮೊಬೈಲಿನಲ್ಲಿಯೂ, ಹುನಗುಂದಕ್ಕೆ ಕೊಟ್ಟ ಮಗಳ ಮೊಬೈಲಿನಲ್ಲಿಯೂ ಇತ್ತು. ಲೆಕ್ಕಪತ್ರ ನೋಡಿಕೊಳ್ಳುವವಳು ಅವಳೇ. ಅವಳು ಹುನಗುಂದದಲ್ಲಿ ಕುಳಿತು ಮೂರು ಆರ್ಡರುಗಳಿಗೆ ಉತ್ತರ ಕೊಟ್ಟಳು. ಇಳಕಲ್ಲಿನ ಬೊಟ್ಟು ಮಾತ್ರ ಮೂರು ಎಂದೇ ತೋರಿಸುತ್ತಿತ್ತು. ಎರಡೂ ಮೊಬೈಲುಗಳು ತಮ್ಮ ತಮ್ಮ ಲೆಕ್ಕವನ್ನು ತಾವೇ ಇಟ್ಟುಕೊಂಡಿದ್ದವು. ಒಂದು ಅಂಗಡಿಗೆ ಎರಡು ಖಾತೆ ಪುಸ್ತಕಗಳಿದ್ದು, ಎರಡರಲ್ಲಿಯೂ ಬೇರೆ ಬೇರೆ ಕೈ ಬರೆಯುತ್ತಿದ್ದರೆ ಏನಾದೀತೋ ಅದೇ ಆಯಿತು. ಲೆಕ್ಕವು ಸರ್ವರಿನಲ್ಲಿ ಒಂದೇ ಕಡೆ ಇರಬೇಕು. ಮೊಬೈಲುಗಳು ಅದನ್ನು ಕೇಳಿ ತಿಳಿದು ತೋರಿಸಬೇಕು. ‘ಒಂದು ಬಂತು, ಒಂದು ಕೂಡಿಸು’ ಎಂದು ಹೇಳಿ ಕಳಿಸುವ ಬದಲು ‘ಈಗ ಬಾಕಿ ಇರುವುದು ಇಷ್ಟು’ ಎಂದು ಪೂರ್ತಿ ಅಂಕಿಯನ್ನೇ ಕಳಿಸಬೇಕು. ಹಾಗೆ ಮಾಡಿದರೆ ನಡುವೆ ಒಂದು ಸೂಚನೆ ತಪ್ಪಿಹೋದರೂ ಮುಂದಿನದು ಬಂದಾಗ ಲೆಕ್ಕ ತಾನಾಗಿ ಸರಿಹೋಗುತ್ತದೆ.

ಇದರ ಬೆಲೆ ಅವರಿಗೆ ಗೊತ್ತಾದದ್ದು ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ. ಪುಷ್ಯಮಾಸದ ಆ ಜಾತ್ರೆಗೆ ಬರುವ ಜನಸ್ತೋಮ, ನಾಟಕ ಕಂಪನಿಗಳ ತಂಬುಗಳು, ಸಾಲು ಅಂಗಡಿಗಳು ವಾಚಕರಿಗೆ ತಿಳಿದವೇ. ಅಲ್ಲಿ ಸೀರೆಯ ಅಂಗಡಿ ಹಾಕಿದ ಮನೆಯವರಿಗೆ ಜನದಟ್ಟಣೆಯಲ್ಲಿ ಮೊಬೈಲಿನ ಸಿಗ್ನಲು ಗಂಟೆಗಟ್ಟಲೆ ಸಿಗುತ್ತಿರಲಿಲ್ಲ. ಸಿಗ್ನಲು ಇಲ್ಲದಾಗ ಬೊಟ್ಟು ಹಳೆಯ ಅಂಕಿಯನ್ನೇ ಹಿಡಿದು ಕುಳಿತಿರುತ್ತದೆ. ಅಂಚೆಯವನು ಬದಲಿಸದ ತಗಡಿನಂತೆ. ರಾತ್ರಿ ಊರಿನ ಕಡೆ ಬಂದಾಗ ಸೂಚನೆಗಳೆಲ್ಲ ಒಟ್ಟಿಗೆ ಬಂದು ಬೀಳುತ್ತವೆ. ಹಿಂದಿನ ಕ್ರಮವಿದ್ದರೆ ಅವು ಒಂದರ ಮೇಲೊಂದು ಕೂಡಿ ಇಲ್ಲದ ಆರ್ಡರುಗಳನ್ನೂ ಎಣಿಸುತ್ತಿದ್ದವು. ಹೊಸ ಕ್ರಮದಲ್ಲಿ ಅಂಕಿ ಸರಿಯಾಗಿಯೇ ಬಂದು ನಿಂತಿತು.

ಬೊಟ್ಟಿನ ಆಕಾರದ ವಿಷಯದಲ್ಲಿಯೂ ಅರಿಯಬೇಕಾದ ಸಂಗತಿಗಳಿವೆ. ಗೂಗಲ್ ಕಂಪನಿ ಹಾಕಿಕೊಟ್ಟ ಅಳತೆಯಲ್ಲಿ ಅಂಕಿಯುಳ್ಳ ಬೊಟ್ಟಿನ ಎತ್ತರ ಒಂದು ಅಂಗುಲದ ಹತ್ತನೆಯ ಒಂದು ಭಾಗ, ಅಂದರೆ ಸುಮಾರು ಎರಡೂವರೆ ಮಿಲಿಮೀಟರು. ಜೋಳದ ಕಾಳಿಗಿಂತಲೂ ಚಿಕ್ಕದು. ಅಂಕಿಯಿಲ್ಲದ ಚುಕ್ಕೆಯಂತೂ ಸಾಸಿವೆಯ ಕಾಳಿನಷ್ಟು. ಅಷ್ಟು ಸಣ್ಣ ಜಾಗದಲ್ಲಿ ನೂರಾರು ಎಂದು ಬರೆಯಲಾಗದು. ಆದ್ದರಿಂದ ೯೯ಕ್ಕೋ ೯೯೯ಕ್ಕೋ ನಿಲ್ಲಿಸಿ ಮುಂದೆ ಕೂಡಿಸುವ ಚಿಹ್ನೆ ಹಾಕುವ ರೂಢಿ ಬಂದಿದೆ. ಸೊನ್ನೆಯಾದಾಗ ‘೦’ ಎಂದು ಬರೆದು ತೋರಿಸುವುದಿಲ್ಲ, ಬೊಟ್ಟನ್ನೇ ತೆಗೆದುಬಿಡುತ್ತಾರೆ. ಏನೂ ಇಲ್ಲವೆಂದು ಹೇಳುವುದಕ್ಕೆ ಮನೆಯವರನ್ನು ಕರೆಯುವುದೇಕೆ?

ಕನ್ನಡದ ಅಂಕಿಗಳನ್ನು ಇಲ್ಲಿ ಬಳಸಬಹುದೆ ಎಂಬ ಪ್ರಶ್ನೆಯನ್ನು ನಾವೇ ಎತ್ತಿದೆವು. ಬಳಸಲು ತಾಂತ್ರಿಕವಾದ ಅಡ್ಡಿಯೇನೂ ಇಲ್ಲ. ಜಗತ್ತಿನ ಲಿಪಿಗಳನ್ನೆಲ್ಲ ಗಣಕಕ್ಕೆ ಅಳವಡಿಸುವ ಯೂನಿಕೋಡ್ ಎಂಬ ವ್ಯವಸ್ಥೆಯಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೇ ಕನ್ನಡ ಅಕ್ಷರಗಳೂ ಅಂಕಿಗಳೂ ಸೇರಿವೆ. ಆದರೂ ಮೊಬೈಲಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿದಾಗ ಅಕ್ಷರಗಳು ಕನ್ನಡವಾಗುತ್ತವೆ, ಅಂಕಿಗಳು ಮಾತ್ರ ಇಂಗ್ಲಿಷಿನವೇ ಉಳಿಯುತ್ತವೆ. ರೂಢಿಯ ಅಂಕಿ ಅದೇ ಎಂದು ಆ ವ್ಯವಸ್ಥೆಯ ಕೋಷ್ಟಕಗಳಲ್ಲಿ ಬರೆದಿಟ್ಟಿದ್ದಾರೆ. ಕನ್ನಡದ ಅಂಕಿ ಬೇಕೆಂದರೆ ಬರೆಯುವವನು ಬೇರೆಯಾಗಿ ಕೇಳಿಕೊಳ್ಳಬೇಕು. ಕೇಳಿಕೊಂಡವರು ಒಂದು ಎಚ್ಚರ ವಹಿಸಬೇಕು. ಎರಡೂವರೆ ಮಿಲಿಮೀಟರಿನ ವೃತ್ತದಲ್ಲಿ ೨ ಮತ್ತು ೩ ಬೇಗ ಕಲೆತುಹೋಗುತ್ತವೆ. ಅರವತ್ತು ದಾಟಿದ ಕಣ್ಣುಗಳಿಗೆ ೬ ಮತ್ತು ೯ ಸಹ. ಬೊಟ್ಟನ್ನು ತುಸು ದೊಡ್ಡದು ಮಾಡಿ, ಅಕ್ಷರವನ್ನು ದಪ್ಪ ಮಾಡಿದರೆ ಈ ತೊಂದರೆ ನೀಗುತ್ತದೆ.

ವ್ಯಾಕರಣದ ಅಭ್ಯಾಸಿಗಳಾದ ನಮಗೆ ಅದೇ ಕೋಷ್ಟಕಗಳಲ್ಲಿ ಇನ್ನೊಂದು ವಿಚಿತ್ರ ಕಂಡಿತು. ಒಂದಕ್ಕೆ ಏಕವಚನ, ಹೆಚ್ಚಿನದಕ್ಕೆ ಬಹುವಚನ ಎಂಬುದು ಸರಿಯೇ. ಇಂಗ್ಲಿಷಿನಲ್ಲಿ ಸೊನ್ನೆಗೆ ಬಹುವಚನವನ್ನು ಹಚ್ಚುತ್ತಾರೆ; ಕನ್ನಡದಲ್ಲಿ ಸೊನ್ನೆಯನ್ನು ಒಂದರ ಜೊತೆಗೆ, ಏಕವಚನದ ಪಂಕ್ತಿಯಲ್ಲಿ ಕೂಡಿಸಿದ್ದಾರೆ. ‘೦ ಸಂದೇಶ, ೧ ಸಂದೇಶ, ೨ ಸಂದೇಶಗಳು’ ಎಂದಾಗುತ್ತದೆ. ನಮ್ಮ ಮಾತಿನ ಜಾಡನ್ನು ಬಲ್ಲವರು ಯಾರೋ ಇದನ್ನು ನಿರ್ಣಯಿಸಿರಬೇಕು. ಪ್ರಾಣಿವಾಚಕವಲ್ಲದ ನಾಮಪದಗಳಿಗೆ ಸಂಖ್ಯೆ ಹಿಂದಿದ್ದಾಗ ‘ಎರಡು ಸೀರೆ’, ‘ಹತ್ತು ಪುಸ್ತಕ’ ಎಂದು ಬಹುವಚನ ಪ್ರತ್ಯಯವನ್ನು ಬಿಟ್ಟು ನುಡಿಯುವುದೇ ನಮ್ಮ ಆಡುಮಾತಿನ ಸಹಜ ರೀತಿಯೆಂಬುದನ್ನು ಅವರು ಇನ್ನಷ್ಟು ಗಮನಿಸಬಹುದಾಗಿತ್ತು.

ವಚನವನ್ನು ಇಷ್ಟು ಚರ್ಚಿಸಿದ್ದಕ್ಕೆ ಕಾರಣವಿದೆ. ದೃಷ್ಟಿಯಿಲ್ಲದವರಿಗಾಗಿ ಮೊಬೈಲುಗಳಲ್ಲಿ ಪರದೆಯನ್ನು ಗಟ್ಟಿಯಾಗಿ ಓದಿ ಹೇಳುವ ಸೌಕರ್ಯವಿದೆ. ಬೊಟ್ಟು ಹಚ್ಚಿದವನು ಬರಿಯ ವೃತ್ತವನ್ನು ಬರೆದು ಸುಮ್ಮನಾದರೆ ಆ ಸೌಕರ್ಯವು ‘ಆರ್ಡರುಗಳು, ಗುಂಡಿ’ ಎಂದಷ್ಟೇ ಓದುತ್ತದೆ, ಅಥವಾ ‘ಮೂರು’ ಎಂದು ಸಂದರ್ಭವಿಲ್ಲದೆ ನುಡಿಯುತ್ತದೆ. ‘ಆರ್ಡರುಗಳು, ಉತ್ತರ ಬಾಕಿ ೩’ ಎಂಬ ವಾಕ್ಯವನ್ನು ಅವನು ಗುಂಡಿಗೇ ಬರೆದು ಕೂಡಿಸಬೇಕು. ಕೆಂಪು ಹಸಿರುಗಳ ಭೇದ ಕಾಣದ ಕಣ್ಣುಗಳೂ ಇವೆ. ಬಣ್ಣವೊಂದನ್ನೇ ನೆಚ್ಚಿ ಯಾವ ಅರ್ಥವನ್ನೂ ತಿಳಿಸಬಾರದು. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅಂತರ ಕನಿಷ್ಠ ನಾಲ್ಕೂವರೆ ಪಟ್ಟು ಇರಬೇಕು ಎಂದು ಜಾಲಪುಟಗಳ ಅಂತಾರಾಷ್ಟ್ರೀಯ ಮಂಡಳಿಯು ೨೦೦೮ರಲ್ಲಿಯೇ ನಿಯಮ ಮಾಡಿದೆ. ನಮ್ಮಲ್ಲಿ ಬರುವ ಎಷ್ಟೋ ಆ್ಯಪುಗಳು ಇದನ್ನು ಕಣ್ಣೆತ್ತಿಯೂ ನೋಡಿಲ್ಲ.

ಇಲ್ಲಿಯವರೆಗೆ ಬೊಟ್ಟು ಇಡುವವನು ಸಜ್ಜನನೆಂದೇ ತಿಳಿದು ಬರೆದಿದ್ದೇವೆ. ಎಲ್ಲರೂ ಹಾಗಿಲ್ಲ. ಕೆಂಪು ಬಣ್ಣ ಕಣ್ಣನ್ನು ಎಳೆಯುತ್ತದೆ, ಅಂಕಿ ಮನಸ್ಸನ್ನು ಕೆರಳಿಸುತ್ತದೆ ಎಂಬುದನ್ನು ವ್ಯಾಪಾರಸ್ಥರು ಬೇಗನೆ ಕಂಡುಕೊಂಡರು. ಫೇಸ್‌ಬುಕ್ಕಿನ ಸೂಚನೆಯ ಗುರುತು ಮೊದಲು ಆ ಕಂಪನಿಯ ನೀಲಿ ಬಣ್ಣದ್ದೇ ಆಗಿತ್ತು, ಅದನ್ನು ಯಾರೂ ಗಮನಿಸದಿದ್ದಾಗ ಕೆಂಪಿಗೆ ಬದಲಿಸಿದರು, ಒತ್ತುವವರು ಒಮ್ಮೆಲೇ ಹೆಚ್ಚಿದರು ಎಂಬುದನ್ನು ಗೂಗಲ್ಲಿನಲ್ಲಿ ಕೆಲಸ ಮಾಡಿದ್ದ ಟ್ರಿಸ್ಟನ್ ಹ್ಯಾರಿಸ್ ಎಂಬವರು ೨೦೧೭ರಲ್ಲಿ ಪತ್ರಿಕೆಯವರಿಗೆ ತಿಳಿಸಿದ್ದಾರೆ. ಇಂದು ಖರೀದಿಯ ಆ್ಯಪುಗಳಲ್ಲಿ ‘೧’ ಎಂಬ ಬೊಟ್ಟನ್ನು ಒತ್ತಿದರೆ ಒಳಗೆ ನಿಮ್ಮ ವಸ್ತುವಿನ ಸುದ್ದಿಯಿರುವುದಿಲ್ಲ. ರಿಯಾಯಿತಿಯ ಜಾಹೀರಾತು ಇರುತ್ತದೆ. ನೀವು ಬಯಸಿರದ ಅಂಕಿಯನ್ನು ನಿಮ್ಮ ಬಾಕಿಯೆಂಬಂತೆ ತೋರಿಸುವುದು ಖೊಟ್ಟಿ ಲೆಕ್ಕ ಬರೆದಂತೆಯೇ ಸರಿ. ಇಳಕಲ್ಲಿನ ತಾಯಿ ಹೊಸ ಆರ್ಡರನ್ನು ಕಾಯುವ ಕಣ್ಣಿನಿಂದಲೇ ಆ ಜಾಹೀರಾತಿನ ಬೊಟ್ಟನ್ನೂ ನೋಡುತ್ತಾರೆ. ಹತ್ತು ಸಲ ಸುಳ್ಳು ಕಂಡ ಕಣ್ಣು ಹನ್ನೊಂದನೆಯ ನಿಜವನ್ನೂ ಬಿಟ್ಟುಬಿಡುತ್ತದೆ. ಹಾಗಾಗಿ ಸುಳ್ಳು ಬೊಟ್ಟಿಡುವವನು ಪ್ರಾಮಾಣಿಕನ ಬೊಟ್ಟಿನ ಬೆಲೆಯನ್ನೂ ಕಳೆಯುತ್ತಾನೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೩ರ ನವೆಂಬರ್ ೩೦ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ ಗ್ರಾಹಕರನ್ನು ವಂಚಿಸುವ ಹದಿಮೂರು ಬಗೆಯ ವಿನ್ಯಾಸಗಳನ್ನು ಹೆಸರಿಸಿದ್ದಾರೆ. ಇಲ್ಲದ ಅವಸರವನ್ನು ಹುಟ್ಟಿಸುವುದೂ, ಬೇಡವೆಂದರೂ ಪೀಡಿಸುತ್ತಲೇ ಇರುವುದೂ ಆ ಪಟ್ಟಿಯಲ್ಲಿವೆ. ಮನೆಗಳ ಮಟ್ಟಕ್ಕೆ ಈ ತಿಳಿವಳಿಕೆ ಇನ್ನೂ ಬಂದಿಲ್ಲ.

ಎಲ್ಲ ಸೂಚನೆಗಳೂ ಬೊಟ್ಟಿನ ರೂಪದಲ್ಲಿ ಬರತಕ್ಕವೂ ಅಲ್ಲ. ೨೦೧೯ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಅಂಗಳಕ್ಕೆ ನುಗ್ಗಿದ್ದನ್ನು ಬಾದಾಮಿ ಸೀಮೆಯವರು ಮರೆತಿಲ್ಲ. ಹೊಳೆ ಏರುತ್ತಿರುವಾಗ ಗುಂಡಿಯ ಮೇಲೆ ‘೧’ ಎಂದು ಮೂಡಿಸಿ, ಬಿಡುವಾದಾಗ ನೋಡಿರಿ ಎನ್ನಲಾಗದು. ಅಂಥ ಹೊತ್ತಿಗೆ ಡಂಗುರವೇ ಬೇಕು. ೨೦೨೩ರ ಅಕ್ಟೋಬರ್ ೧೨ರಂದು ಕರ್ನಾಟಕದ ಮೊಬೈಲುಗಳು ಒಮ್ಮೆಗೇ ಕೂಗಿಕೊಂಡದ್ದು ವಿಪತ್ತಿನ ಕಾಲಕ್ಕಾಗಿ ಸರಕಾರ ನಡೆಸಿದ ಅಂಥ ಡಂಗುರದ ಪರೀಕ್ಷೆಯಾಗಿತ್ತು. ಬೊಟ್ಟು ಮೌನಿ. ಕಾಯಬಲ್ಲ ಸಂಗತಿಗೆ ಅದು ತಕ್ಕದ್ದು.

ಇಳಕಲ್ಲ ಎಂದೊಡನೆ ಚಿತ್ತರಗಿ-ಇಳಕಲ್ಲ ಮಠದ ಡಾ. ಮಹಾಂತ ಸ್ವಾಮಿಗಳ ‘ಮಹಾಂತ ಜೋಳಿಗೆ’ ನೆನಪಾಗದೆ ಇರದು. ೧೯೭೫ರಿಂದ ೨೦೧೮ರಲ್ಲಿ ಲಿಂಗೈಕ್ಯರಾಗುವವರೆಗೆ ಅವರು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ಕುಡಿತ, ತಂಬಾಕುಗಳ ಚಟವನ್ನು ಭಿಕ್ಷೆಯಾಗಿ ಬೇಡಿದರು. ಅವರು ಹುಟ್ಟಿದ ಆಗಸ್ಟ್ ೧ನ್ನು ರಾಜ್ಯ ಸರಕಾರ ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತಿದೆ. ಆ ಜೋಳಿಗೆ ಇಂದು ನಮ್ಮ ಬಾಗಿಲಿಗೆ ಬಂದರೆ ಮೊಬೈಲನ್ನೇ ಹಾಕಿರೆಂದು ಕೇಳೀತೆಂದು ನಮಗನಿಸುವುದಿಲ್ಲ; ಮಗ್ಗದ ಮನೆಗೆ ಅದೀಗ ಸಲಕರಣೆಯಾಗಿದೆ. ಬೇಡದ ಬೊಟ್ಟುಗಳನ್ನು ಹಾಕಿರೆಂದು ಕೇಳೀತು. ಹಾಕುವುದು ಕಷ್ಟವಿಲ್ಲ. ಆ್ಯಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗುಗಳಲ್ಲಿ ‘ಅಧಿಸೂಚನೆಗಳು’ ಎಂಬಲ್ಲಿಗೆ ಹೋದರೆ ಒಂದೊಂದು ಆ್ಯಪಿನ ಚುಕ್ಕೆಯನ್ನೂ ಬೇರೆ ಬೇರೆಯಾ­ಗಿ ನಿಲ್ಲಿಸಬಹುದು. ಐಫೋನಿನಲ್ಲಿಯೂ ಅದೇ ಜಾಗದಲ್ಲಿ ಸದ್ದು, ಫಲಕ, ಬ್ಯಾಡ್ಜು ಮೂರಕ್ಕೂ ಬೇರೆ ಬೇರೆ ಕೀಲಿಗಳಿವೆ. ಸದ್ದು ನಿಲ್ಲಿಸಿ ಬೊಟ್ಟನ್ನು ಉಳಿಸಿಕೊಳ್ಳುವುದೂ ಸಾಧ್ಯ. ವ್ಯವಹಾರದ್ದು, ಮನೆಯವರದು, ಬ್ಯಾಂಕಿನದು, ಇಷ್ಟನ್ನು ಇಟ್ಟುಕೊಂಡು ಉಳಿದವನ್ನು ನಿಲ್ಲಿಸಿದವರ ಮೊಬೈಲಿನಲ್ಲಿ ಬೊಟ್ಟು ಮೂಡಿದರೆ ಅದಕ್ಕೊಂದು ಅರ್ಥವಿರುತ್ತದೆ.

ಇಳಕಲ್ಲಿನ ಆ ಮನೆಯಲ್ಲಿ ಸದ್ಯ ನಡೆದಿರುವ ಚರ್ಚೆ ಬೇರೆಯೇ ಆಗಿದೆ. ಆರ್ಡರು ಕೊಟ್ಟ ಗಿರಾಕಿ ಅದಕ್ಕೆ ಉತ್ತರ ಬರುವ ಮೊದಲೇ ತಾನಾಗಿ ರದ್ದುಮಾಡಿದರೆ ಅಂಕಿ ತಾನೇ ಇಳಿಯಬೇಕೋ, ಮನೆಯವರು ನೋಡಿ ಒಪ್ಪಿದ ಮೇಲೆ ಇಳಿಯಬೇಕೋ? ಬಾಕಿ ಇಲ್ಲವೆಂದ ಮೇಲೆ ಅಂಕಿಯೂ ಇರಬಾರದೆಂದು ಮಗನ ವಾದ. ಇದ್ದದ್ದು ಯಾರಿಗೂ ಹೇಳದೆ ಹೋಗಿಬಿಟ್ಟರೆ, ನಿನ್ನೆ ಮೂರಿದ್ದದ್ದು ಇವತ್ತು ಎರಡು ಹೇಗಾಯಿತೆಂದು ತಾನು ಯಾರನ್ನು ಕೇಳಲಿ ಎಂದು ತಾಯಿಯ ವಾದ. ಹುನಗುಂದದ ಮಗಳು ತಾಯಿಯ ಕಡೆಗಿದ್ದಾಳೆ. ಅವಳ ಖಾತೆ ಪುಸ್ತಕದಲ್ಲಿ ಒಮ್ಮೆ ಬರೆದದ್ದನ್ನು ಅಳಿಸುವ ಪದ್ಧತಿಯಿಲ್ಲ. ಅಡ್ಡಗೆರೆ ಎಳೆದು ಪಕ್ಕಕ್ಕೆ ಕಾರಣ ಬರೆಯುತ್ತಾಳೆ. ಮಗನು ಈಗ ರದ್ದಾದ ಆರ್ಡರಿಗೆ ಬೂದು ಬಣ್ಣದ ಬೊಟ್ಟೊಂದನ್ನು ಮಾಡಿ ಪರೀಕ್ಷಿಸುತ್ತಿದ್ದಾನೆ.